ತಡಸ ಕ್ರಾಸಿನಿಂದ ಒಂದು ದಿನ: ಬೇಸಿಗೆ ಸೂಟಿಗೆ ಹದಿನಾಲ್ಕು ಸೂತ್ರಗಳು

ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ಬೀಗ ಬೀಳುತ್ತದೆ. ಮರುದಿನದಿಂದಲೇ ಮನೆಯಲ್ಲಿ ಒಂದೇ ಪ್ರಶ್ನೆ: "ಅಪ್ಪಾ, ಈ ಸೂಟ್ಯಾಗ ಎಲ್ಲಿಗೆ ಹೋಗೋದು?" ಗೋವಾ, ಊಟಿ, ಮೈಸೂರು ಎಂದು ದೊಡ್ಡವರು ಖರ್ಚಿನ ಲೆಕ್ಕ ಹಾಕುತ್ತ ಕೂರುತ್ತಾರೆ. ಲೆಕ್ಕ ಕೂಡುವಷ್ಟರಲ್ಲಿ ಮೇ ತಿಂಗಳು ಮುಗಿದು, ಹೊಸ ಪಾಟಿಚೀಲ ಕೊಳ್ಳುವ ಹೊತ್ತು ಬಂದಿರುತ್ತದೆ.

ತಡಸ ಕ್ರಾಸಿನಲ್ಲಿ ಐದು ನಿಮಿಷ ನಿಂತು ನೋಡಿ. ಬಡಗಣಕ್ಕೆ ಹುಬ್ಬಳ್ಳಿ, ತೆಂಕಣಕ್ಕೆ ಶಿಗ್ಗಾಂವಿ ಮತ್ತು ಹಾವೇರಿ, ಪಡುವಣಕ್ಕೆ ಮುಂಡಗೋಡ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಶುರುವಾಗುವ ಜಾಗ ಇದು. ನಸುಕಿನಲ್ಲಿ ಹೊರಟು ಹೊತ್ತು ಮುಳುಗುವಷ್ಟರಲ್ಲಿ ಮನೆ ಸೇರುವಷ್ಟು ದೂರದಲ್ಲಿ ನವಿಲುಗಳಿರುವ ಕೋಟೆ, ಕನಕದಾಸರು ಹುಟ್ಟಿದ ಊರು, ಶರೀಫರ ಗದ್ದುಗೆ, ಕದಂಬರ ರಾಜಧಾನಿ, ಟಿಬೆಟನ್ನರ ಮಠಗಳು ಎಲ್ಲವೂ ಇವೆ. ಇಷ್ಟಿದ್ದರೂ ಅನೇಕ ಪ್ರವಾಸಗಳು ಅಳು, ತಲೆನೋವು, ಜಗಳದಲ್ಲಿ ಮುಗಿಯುತ್ತವೆ. ಊರಿನಲ್ಲಿ ಕೊರತೆಯಿಲ್ಲ, ಹೊರಡುವ ಕ್ರಮದಲ್ಲಿದೆ.

ಒಂದು ದಿನದ ಪ್ರವಾಸ ಗೆದ್ದಿತೋ ಸೋತಿತೋ ಎಂದು ಅಳೆಯಲು ನನ್ನದೊಂದು ಅಳತೆಗೋಲಿದೆ. ಅಂದು ರಾತ್ರಿ ಮಲಗುವ ಮುಂಚೆ ಮಗು ತಾನಾಗಿಯೇ ಒಂದು ಕಥೆ ಹೇಳಬೇಕು. ಹೇಳಿದರೆ ಗೆದ್ದಿರಿ. ಕೆಳಗಿನ ಸೂತ್ರಗಳೆಲ್ಲ ಆ ಒಂದು ಕಥೆಗಾಗಿ.

1. ದಿನಕ್ಕೆ ಒಂದೇ ಊರು, ಬಹಳವಾದರೆ ಜೋಡಿ ಊರು

ಒಂದೇ ದಿನ ಐದು ಊರು ಮುಟ್ಟಿ ಬಂದ ಮಗುವಿಗೆ ನೆನಪಿರುವುದು ಗಾಡಿಯ ಹಿಂದಿನ ಸೀಟು ಮಾತ್ರ. ಹತ್ತಿರ ಹತ್ತಿರ ಇರುವ ಊರುಗಳನ್ನು ಜೋಡಿ ಮಾಡಿಕೊಳ್ಳಿ. ಬಂಕಾಪುರ ಮತ್ತು ಬಾಡ ಒಂದು ದಿನ. ಗೋಟಗೋಡಿ ಮತ್ತು ಶಿಶುನಾಳ ಇನ್ನೊಂದು ದಿನ. ಸವಣೂರು, ಹಾನಗಲ್, ಮುಂಡಗೋಡಕ್ಕೆ ತಲಾ ಒಂದೊಂದು ದಿನ. ವಾರಕ್ಕೊಂದರಂತೆ ಹಂಚಿದರೆ ಸೂಟಿಯ ಐದು ಭಾನುವಾರಗಳು ತುಂಬಿದವು. ಚಿಕ್ಕ ಮಕ್ಕಳಿದ್ದರೆ ಒಂದು ಕಡೆಯ ಪ್ರಯಾಣ ಒಂದು ಗಂಟೆ ಮೀರದಿರಲಿ. "ಅವ್ವಾ, ಇನ್ನ ಎಷ್ಟ ದೂರ?" ಎಂದು ಮಗು ಮೂರನೇ ಸಲ ಕೇಳುವ ಮೊದಲೇ ಊರು ಬರಬೇಕು.

2. ಬೇಸಿಗೆಗೆ ಒಗ್ಗುವ ಊರನ್ನೇ ಆರಿಸಿ

ಎಲ್ಲ ಊರಿಗೂ ಅದರದೇ ಹಂಗಾಮು ಇರುತ್ತದೆ. ಮುಂಡಗೋಡದ ಹತ್ತಿರದ ಅತ್ತಿವೇರಿ ಪಕ್ಷಿಧಾಮ ಚೆಲುವಾದ ಜಾಗ. ಆದರೆ ಅಲ್ಲಿಗೆ ಹಕ್ಕಿಗಳು ನೆರೆಯುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಕೆಸರಿನ ದಂಡೆ ಕಾಣುತ್ತದೆ. ಅದನ್ನು ದೀಪಾವಳಿ ನಂತರಕ್ಕೆ ಇಟ್ಟುಕೊಳ್ಳಿ. ಹಿರೇಕೆರೂರು ಕಡೆಯ ಮದಗ ಮಾಸೂರು ಕೆರೆ ಕೋಡಿ ಬಿದ್ದು ಧುಮುಕುವುದನ್ನು ನೋಡಬೇಕಾದರೆ ಮಳೆಗಾಲಕ್ಕೆ ಕಾಯಬೇಕು.

ಬೇಸಿಗೆಯಲ್ಲೇ ನೋಡಬೇಕಾದವೂ ಇವೆ. ಶಿರಸಿಯ ಹತ್ತಿರ ಶಾಲ್ಮಲಾ ನದಿಯಲ್ಲಿರುವ ಸಹಸ್ರಲಿಂಗ ಮಳೆಗಾಲದಲ್ಲಿ ನೀರಿನಡಿ ಮುಚ್ಚಿಹೋಗುತ್ತದೆ. ಹೊಳೆ ಇಳಿದಾಗಲೇ ಬಂಡೆಬಂಡೆಗೂ ಕೆತ್ತಿದ ಲಿಂಗಗಳು, ನಂದಿಗಳು ಮೇಲೆ ಬರುತ್ತವೆ. ಸ್ವಲ್ಪ ದೊಡ್ಡ ಮಕ್ಕಳಿದ್ದು, ದೂರದ ದಿನಕ್ಕೆ ಸಿದ್ಧರಿದ್ದರೆ ಅದು ಸರಿಯಾದ ಆಯ್ಕೆ.

3. ಕೋಳಿ ಕೂಗುವ ಹೊತ್ತಿಗೆ ಎದ್ದು ಹೊರಡಿ

ನಮ್ಮ ಕಡೆ ಬೇಸಿಗೆಯ ಚೆಲುವೆಲ್ಲ ಬೆಳಗಿನ ಹತ್ತು ಗಂಟೆಯ ಒಳಗಿದೆ. ಐದೂವರೆಗೆ ಮನೆ ಬಿಟ್ಟರೆ ಅರ್ಧ ಪ್ರವಾಸ ಗೆದ್ದಂತೆ. ಇದಕ್ಕೆ ಬಂಕಾಪುರಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬಂಕಾಪುರದ ಹಳೆಯ ಕೋಟೆಯ ಆವರಣದಲ್ಲಿ ನವಿಲುಧಾಮವಿದೆ. 2006ರಲ್ಲಿ ಅದಕ್ಕೆ ನವಿಲುಗಳ ರಕ್ಷಿತ ತಾಣವೆಂಬ ಸ್ಥಾನ ಸಿಕ್ಕಿತು. ಅದೇ ಆವರಣದಲ್ಲಿ ಖಿಲಾರಿ ದನಗಳ ತಳಿ ಕೇಂದ್ರವೂ ಇದೆ. ದನಗಳಿಗೆಂದು ಬಿಟ್ಟ ಹುಲ್ಲು, ಕುರುಚಲು ಗಿಡ, ಕಂದಕದ ಪೊದೆಗಳು ನವಿಲಿಗೂ ಆಸರೆಯಾದವು. ನವಿಲು ಬಿಸಿಲೇರಿದ ಮೇಲೆ ಪೊದೆ ಸೇರಿದರೆ ಮತ್ತೆ ಕಾಣುವುದು ಇಳಿಹೊತ್ತಿಗೇ. ಆದ್ದರಿಂದ ಬೆಳಗಿನ ಆರರಿಂದ ಎಂಟು ನಿಮ್ಮ ಹೊತ್ತು.

ಮೇ ತಿಂಗಳಲ್ಲಿ ಗಂಡು ನವಿಲಿನ ಗರಿ ತುಂಬಿರುತ್ತದೆ. ಮಳೆಗಾಲ ಕಳೆಯುತ್ತಿದ್ದಂತೆ ಗರಿ ಉದುರಿ ಬೋಳಾಗುತ್ತದೆ. ದಸರೆಗೆ ಹೋದವರಿಗೆ ಸಿಗದ ಕುಣಿತ ಮುಂಗಾರಿನ ಮುಂಚೆ ಹೋದವರಿಗೆ ಸಿಕ್ಕೀತು. ಕಡುಬಣ್ಣದ ಬಟ್ಟೆ ಬೇಡ, ಓಡುವುದು ಬೇಡ, ಫೋನಿನ ಹಾಡು ಬೇಡವೇ ಬೇಡ. "ಹತ್ತು ನಿಮಿಷ ಯಾರು ಮಾತಾಡದೆ ಕೂತೀರೋ ಅವರೇ ಗೆದ್ದಂಗ" ಎಂದು ಪಂದ್ಯ ಕಟ್ಟಿ. ಆ ಹತ್ತು ನಿಮಿಷದಲ್ಲಿ ಕೇಳಿದ ಕೂಗನ್ನು ಮಗು ಮರೆಯುವುದಿಲ್ಲ.

4. ಹಿಂದಿನ ರಾತ್ರಿಯೇ ಕಥೆ ಹೇಳಿ ಮುಗಿಸಿ

ಸ್ಥಳಕ್ಕೆ ಹೋಗಿ ಇತಿಹಾಸ ಹೇಳತೊಡಗಿದರೆ ಮಕ್ಕಳು ಐಸ್‌ಕ್ರೀಮಿನ ಗಾಡಿ ಹುಡುಕುತ್ತಾರೆ. ಕಥೆ ಮೊದಲೇ ಗೊತ್ತಿದ್ದರೆ ಸ್ಥಳವನ್ನು ತಾವೇ ಹುಡುಕುತ್ತಾರೆ.

ಬಂಕಾಪುರದಿಂದ ಬಾಡಕ್ಕೆ ಹೋಗುವವರಾದರೆ ಹಿಂದಿನ ರಾತ್ರಿ ಕನಕದಾಸರ 'ರಾಮಧಾನ್ಯ ಚರಿತೆ'ಯ ಕಥೆ ಹೇಳಿ. ಭತ್ತಕ್ಕೂ ರಾಗಿಗೂ ಜಗಳ ಹತ್ತುತ್ತದೆ: ಧಾನ್ಯಗಳಲ್ಲಿ ಯಾರು ದೊಡ್ಡವರು? ರಾಮನ ಮುಂದೆ ನ್ಯಾಯ ಬರುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಹೊರಗೆ ತೆಗೆದಾಗ ಭತ್ತ ಕಂಗೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ರಾಮ ಮೆಚ್ಚಿ ರಾಗಿಗೆ ತನ್ನ ರಾಘವನೆಂಬ ಹೆಸರನ್ನೇ ಕೊಡುತ್ತಾನೆ. ಬಡವರ ಕಾಳಿಗೆ ದೇವರ ಹೆಸರು ಸಿಕ್ಕ ಈ ಕಥೆಯನ್ನು ಐದು ವರ್ಷದ ಮಗುವೂ ಕಣ್ಣರಳಿಸಿ ಕೇಳುತ್ತದೆ. ಮರುದಿನ ಬಾಡದಲ್ಲಿ ಕನಕದಾಸರ ನೆನಪಿಗೆ ಕಟ್ಟಿದ ಅರಮನೆಯ ಮುಂದೆ ನಿಂತಾಗ, "ಆ ರಾಗಿ ಕಥಿ ಬರದವರು ಹುಟ್ಟಿದ್ದು ಇಲ್ಲೇ ಏನು?" ಎಂಬ ಪ್ರಶ್ನೆ ಮಗುವಿನಿಂದಲೇ ಬರುತ್ತದೆ. ತಿಮ್ಮಪ್ಪ ನಾಯಕ ಕನಕದಾಸನಾದದ್ದು, ಕಾಗಿನೆಲೆಯ ಆದಿಕೇಶವನಿಗೆ ಒಲಿದದ್ದು ಆಮೇಲಿನ ಮಾತು. ಅದಕ್ಕೆ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಗೆ ಬೇರೊಂದು ದಿನ ಹೋಗಿ.

ಹಿರೇಕೆರೂರು ತಾಲ್ಲೂಕಿನ ಅಬಲೂರಿಗೂ ಇದೇ ಸೂತ್ರ ಹೊಂದುತ್ತದೆ. ಸರ್ವಜ್ಞ ಹುಟ್ಟಿದ ಊರೆಂದು ಜನ ನಂಬಿ ಬಂದ ಊರದು, ಶರಣ ಏಕಾಂತದ ರಾಮಯ್ಯನ ಹೆಸರಿನೊಂದಿಗೂ ಬೆಸೆದುಕೊಂಡದ್ದು. ಹೊರಡುವ ಮುಂಚೆ ಮನೆಮಂದಿಯೆಲ್ಲ ಸರ್ವಜ್ಞನ ತಲಾ ಎರಡು ತ್ರಿಪದಿ ಬಾಯಿಪಾಠ ಮಾಡಿಕೊಳ್ಳಿ. ದಾರಿಯುದ್ದಕ್ಕೂ ಒಬ್ಬರಾದ ಮೇಲೊಬ್ಬರು ಹೇಳುತ್ತ ಹೋದರೆ ದೂರದ ದಾರಿಯೂ ಹತ್ತಿರವಾಗುತ್ತದೆ.

5. ಮಕ್ಕಳ ಕೈಗೆ ಒಂದು ಕೆಲಸ ಕೊಡಿ

"ನೋಡು" ಎಂದರೆ ಮಗು ನೋಡುವುದಿಲ್ಲ. "ಎಣಿಸು" ಎಂದರೆ ನೋಡುತ್ತದೆ. ಬಂಕಾಪುರದ ಕೋಟೆಯೊಳಗೆ ನಗರೇಶ್ವರ ದೇವಾಲಯವಿದೆ, ಜನರ ಬಾಯಲ್ಲಿ ಅರವತ್ತು ಕಂಬದ ಗುಡಿ. ಅಲ್ಲಿ ಮಕ್ಕಳನ್ನು ಎರಡು ತಂಡ ಮಾಡಿ ಕಂಬ ಎಣಿಸಲು ಬಿಡಿ. ಎರಡು ತಂಡದ ಲೆಕ್ಕ ಒಂದೇ ಬರುವತನಕ ಎಣಿಕೆ ನಡೆಯಲಿ. ಎಣಿಸುತ್ತ ಹೋದಂತೆ ಎಲ್ಲ ಕಂಬವೂ ಒಂದೇ ತರಹ ಇಲ್ಲವೆಂಬುದು ಅವರಿಗೇ ತಿಳಿಯುತ್ತದೆ. ಊರಿಗೆ ಹೆಸರು ಕೊಟ್ಟವನು ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯ, ಗುಣಭದ್ರಾಚಾರ್ಯರ ಜೈನ ಗ್ರಂಥ ಉತ್ತರಪುರಾಣ ಪೂರ್ತಿಯಾಗಿ ಪೂಜೆಗೊಂಡ ಊರು ಇದೇ ಎಂಬ ಮಾತನ್ನು ಆಗ ಹೇಳಿದರೆ ಕಿವಿಗೆ ಬೀಳುತ್ತದೆ.

ಸವಣೂರಿನಲ್ಲಿ ಕೊಡಬೇಕಾದ ಕೆಲಸ ಅಳತೆಯದು. ಅಲ್ಲಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಭಾರಿ ಮರಗಳಿವೆ. ಇಂಗ್ಲಿಷಿನವರು ಬಾವೊಬಾಬ್ ಎನ್ನುವ ಇವನ್ನು ನಮ್ಮವರು ದೊಡ್ಡ ಹುಣಸೆ ಎಂದರು, ಕಾಯಿಯೊಳಗಿನ ತಿರುಳು ಹುಳಿಯಾದ್ದರಿಂದ. ಮನೆಮಂದಿಯೆಲ್ಲ ಕೈ ಕೈ ಹಿಡಿದು ಬುಡ ಸುತ್ತಿ. ಎಷ್ಟು ಜನ ಬೇಕಾಯಿತು? ದಪ್ಪ ಕಾಂಡ ಮಳೆಗಾಲದ ನೀರನ್ನು ಹೀರಿ ಒಣಗಾಲಕ್ಕೆ ಕೂಡಿಡುತ್ತದೆ, ಆಗ ಎಲೆ ಉದುರಿಸಿ ನೀರು ಉಳಿಸುತ್ತದೆ. ಬಿರುಬಿಸಿಲಲ್ಲಿ ನೀರು ಕಾಯುವ ಪಾಠ ಹೇಳಲು ಇದಕ್ಕಿಂತ ದೊಡ್ಡ ಮೇಷ್ಟ್ರು ಸಿಗಲಾರರು. 2023ರ ಮಳೆಗಾಲದಲ್ಲಿ ಈ ಮರಗಳಲ್ಲೊಂದು ಬುಡಸಮೇತ ಉರುಳಿತು. ಹೋಯಿತೆಂದು ಕೈಬಿಡದೆ ಅದನ್ನು ಎತ್ತಿ ಮತ್ತೆ ನೆಟ್ಟರು. ಆ ಮರವನ್ನು ತಪ್ಪದೆ ತೋರಿಸಿ. ಬಿದ್ದದ್ದನ್ನು ಎತ್ತಿ ನಿಲ್ಲಿಸುವ ಜನರೂ ಇದ್ದಾರೆ ಎಂಬುದು ಮಕ್ಕಳಿಗೆ ಗೊತ್ತಾಗಬೇಕು.

6. ಅಜ್ಜ-ಅಜ್ಜಿಯರನ್ನು ಮನೆ ಕಾಯಲು ಬಿಡಬೇಡಿ

ಬಿಸಿಲಿಗೆ ಹಿರಿಯರಿಗೆ ತೊಂದರೆ ಎಂದು ಅವರನ್ನು ಬಿಟ್ಟುಹೋಗುತ್ತೇವೆ. ಆದರೆ ಕೆಲವು ಊರುಗಳಲ್ಲಿ ದಾರಿ ತೋರಿಸಬೇಕಾದವರೇ ಅವರು. ತಡಸದಿಂದ ಶಿಗ್ಗಾಂವಿಗೆ ಹೋಗುವ ಹೆದ್ದಾರಿಯ ಪಕ್ಕ ಗೋಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಡಾ. ಟಿ.ಬಿ. ಸೊಲಬಕ್ಕನವರ ಕನಸಿನ ಕೂಸು ಅದು. ಅವರು 2020ರಲ್ಲಿ ತೀರಿಕೊಂಡರು, ಅವರು ಎಬ್ಬಿಸಿ ನಿಲ್ಲಿಸಿದ ಹಳ್ಳಿ ಉಳಿದಿದೆ. ದನ ಕಾಯುವವರು, ಒಕ್ಕಲು ಮಾಡುವವರು, ಕುಸ್ತಿ ಆಡುವವರು, ಬೀಸುವ ಕುಟ್ಟುವ ಹೆಂಗಸರು ಎಲ್ಲರೂ ಆಳೆತ್ತರದ ಮೂರ್ತಿಗಳಾಗಿ ನಿಂತಿದ್ದಾರೆ.

ಇಲ್ಲಿ ಅಪ್ಪ-ಅವ್ವ ಹಿಂದೆ ಸರಿಯಲಿ, ಅಜ್ಜ ಮುಂದೆ ನಡೆಯಲಿ. ಕೂರಿಗೆ ಯಾವುದು, ರಂಟೆ ಯಾವುದು, ಕುಂಟೆ ಯಾವುದು ಎಂದು ಈಗಿನ ಮಕ್ಕಳಿಗೆ ಹೇಳಬಲ್ಲವರು ಅವರೇ. "ಇಂಥಾ ಬೀಸೋಕಲ್ಲಿನ ಮುಂದ ಕುಂತು ನಾನೂ ಹಾಡೇನವ್ವಾ" ಎಂದು ಅಜ್ಜಿ ಒಂದು ನುಡಿ ಹಾಡಿಬಿಟ್ಟರೆ ಆ ದಿನಕ್ಕೆ ಬೇರೇನೂ ಬೇಕಿಲ್ಲ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ನೆಲೆಗೊಂಡಿರುವುದೂ ಇದೇ ಗೋಟಗೋಡಿಯಲ್ಲಿ. ಹಿರಿಯರ ಜೊತೆ ಹೋಗುವಾಗ ಎರಡು ಎಚ್ಚರ: ನಡೆಯುವ ಜಾಗಗಳನ್ನೆಲ್ಲ ಬೆಳಗಿನ ಹೊತ್ತಿಗೇ ಮುಗಿಸಿ, ಅವರ ಗುಳಿಗೆಗಳು ದೊಡ್ಡ ಚೀಲದಲ್ಲಿ ಕಳೆದುಹೋಗದೆ ಕೈಚೀಲದಲ್ಲಿರಲಿ.

7. ಬುತ್ತಿ ಕಟ್ಟಿ, ಹೋಟೆಲು ಹುಡುಕಬೇಡಿ

ಹಸಿದ ಮಗುವಿಗೆ ಯಾವ ಶಿಲ್ಪವೂ ಕಾಣುವುದಿಲ್ಲ. ನಮ್ಮ ಸೀಮೆಯ ಬುತ್ತಿ ಬೇಸಿಗೆಯ ಪ್ರಯಾಣಕ್ಕೆಂದೇ ಹುಟ್ಟಿದಂತಿದೆ. ಕಡಕ್ ಜೋಳದ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ, ಸೌತೆಕಾಯಿ. ಮೊಸರನ್ನ ಒಯ್ಯುವುದಾದರೆ ಅನ್ನಕ್ಕೆ ಹಾಲು ಹೆಚ್ಚು ಹಾಕಿ, ಮೊಸರು ಚೂರೇ ಬೆರೆಸಿ. ಊಟದ ಹೊತ್ತಿಗೆ ಅದು ಹುಳಿಯಾಗದೆ ಹದವಾಗಿ ಹೆಪ್ಪುಗಟ್ಟಿರುತ್ತದೆ. ಹಸಿ ಕೊಬ್ಬರಿ ಚಟ್ನಿ, ಸೊಪ್ಪಿನ ಪಲ್ಯ, ಬೆಂದ ಆಲೂಗಡ್ಡೆ ಬಿಸಿಲಿಗೆ ಬೇಗ ಹಳಸುತ್ತವೆ. ಅವು ಮನೆಯಲ್ಲೇ ಇರಲಿ.

ಆಯಾ ಊರಿನ ಒಂದು ರುಚಿಯನ್ನಂತೂ ಬಿಡಬೇಡಿ. ಸವಣೂರಿಗೆ ಹೋದರೆ ಸವಣೂರ ಖಾರ, ಹಿರಿಯರಿಗೆ ಅಲ್ಲಿನ ವೀಳ್ಯದೆಲೆ. ಹಾನಗಲ್ಲಿಗೆ ಹೋದರೆ ಮಾವು. ಸಂಜೆ ತಿರುಗಿ ಬರುವಾಗ ಗಿರಮಿಟ್ಟು, ಮಿರ್ಚಿ. ರುಚಿಯ ಜೊತೆ ಊರಿನ ಹೆಸರೂ ನಾಲಿಗೆಯಲ್ಲಿ ಉಳಿಯುತ್ತದೆ.

8. ಹನ್ನೆರಡರಿಂದ ಮೂರೂವರೆಗೆ ಒಂದು ನೆರಳು ಗೊತ್ತುಮಾಡಿಕೊಂಡಿರಿ

ನೆತ್ತಿಯ ಮೇಲಿನ ಬಿಸಿಲಿನ ಜೊತೆ ಹಟ ಮಾಡುವಂತಿಲ್ಲ. ಹೊರಡುವ ಮೊದಲೇ ಮಧ್ಯಾಹ್ನ ಎಲ್ಲಿ ಕೂರುವುದೆಂದು ಗೊತ್ತಿರಬೇಕು. ನಮ್ಮ ಹಿರಿಯರು ಇದಕ್ಕೆ ಕಲ್ಲಿನ ಉತ್ತರ ಕಟ್ಟಿಟ್ಟಿದ್ದಾರೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದಲ್ಲಿ ಕಾಲಿಟ್ಟರೆ ಹೊರಗಿನ ಕಾವು ಹೊಸ್ತಿಲಲ್ಲೇ ನಿಲ್ಲುತ್ತದೆ. ದಪ್ಪ ಕಲ್ಲು ಬೇಗ ಕಾಯುವುದಿಲ್ಲ. ಇಲ್ಲಿ ಮಕ್ಕಳಿಗೆ ಹೇಳಬೇಕಾದದ್ದು ಒಂದೇ ಮಾತು: ತಲೆ ಎತ್ತಿ ನೋಡು. ಛಾವಣಿಯಲ್ಲಿ ದಳದ ಮೇಲೆ ದಳ ಬಿಡಿಸಿಕೊಂಡು ಕೆಳಮುಖವಾಗಿ ಅರಳಿದ ದೊಡ್ಡ ಕಲ್ಲಿನ ತಾವರೆ ಇದೆ.

ಹಾನಗಲ್ ಕದಂಬರ ರಾಜಧಾನಿ, ಶಾಸನಗಳ ಪಾನುಂಗಲ್. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರಿ ಇದೇ ಎಂದು ಊರವರ ನಂಬಿಕೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಮುತ್ತಿಗೆ ಹಾಕಿದ ಕೋಟೆಯೂ ಇದೇ. ಮಂಟಪದ ತಂಪಿನಲ್ಲಿ ಇನ್ನೊಂದು ಕಥೆಯನ್ನೂ ಹೇಳಬಹುದು. ಕಣ್ಣು ಕಾಣದಿದ್ದರೂ ಸಂಗೀತಲೋಕಕ್ಕೆ ದಾರಿ ತೋರಿದ ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಹುಟ್ಟಿದ್ದು ದೇವರ ಹೊಸಪೇಟೆಯಲ್ಲಿ, 1914ರಲ್ಲಿ. ಪಂಚಾಕ್ಷರಿಗಳ ಪ್ರತಿಭೆ ಗುರುತಿಸಿ ಪೊರೆದವರು ಹಾನಗಲ್ ಕುಮಾರಸ್ವಾಮಿಗಳು. "ಈಗ ಎಲ್ಲರೂ ಎರಡು ನಿಮಿಷ ಕಣ್ಣು ಮುಚ್ಚಿ, ಏನೇನು ಕೇಳಿಸ್ತದ ಹೇಳ್ರಿ" ಎಂದು ಮಕ್ಕಳಿಗೆ ಹೇಳಿ. ಪಾರಿವಾಳದ ರೆಕ್ಕೆ, ದೂರದ ಬಸ್ಸು, ಯಾರದೋ ಕಾಲ್ಸಪ್ಪಳ. ಕಿವಿಯಿಂದ ಲೋಕ ಕಾಣುವುದೆಂದರೇನು ಎಂಬುದು ಆ ಎರಡು ನಿಮಿಷದಲ್ಲಿ ತುಸು ತಿಳಿಯುತ್ತದೆ.

ಒಂದು ಸಣ್ಣ ಎಚ್ಚರ. ಗುಡಿಯ ಒಳಗೆ ತಂಪಿದ್ದರೂ ಅಂಗಳದ ಚಪ್ಪಡಿ ಕೆಂಡದಂತಿರುತ್ತದೆ. ಮಕ್ಕಳ ಚೀಲದಲ್ಲಿ ಒಂದೊಂದು ಜೊತೆ ದಪ್ಪ ಕಾಲುಚೀಲವಿರಲಿ.

9. ಬಾಯಾರುವ ಮೊದಲೇ ನೀರು ಕುಡಿಸಿ

ಆಟದ ಭರದಲ್ಲಿ ಮಕ್ಕಳಿಗೆ ಬಾಯಾರಿಕೆ ನೆನಪಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಎಂದು ನಿಯಮ ಮಾಡಿ. ಮಜ್ಜಿಗೆ, ನಿಂಬೆ ಪಾನಕ, ಎಳನೀರು ಬಣ್ಣದ ಬಾಟಲಿಗಳಿಗಿಂತ ಮೇಲು. ವಾಂತಿ ಭೇದಿಯಾದರೆ 1 ಲೀಟರ್ ಶುದ್ಧ ನೀರಿಗೆ 6 ಸಪಾಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಓಆರ್‌ಎಸ್ ಪೊಟ್ಟಣ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಮೈ ಸುಡುತ್ತಿದ್ದು, ಮಾತು ತೊದಲಿ, ಗೊಂದಲವಾಗಿ, ಬಳಲಿ ಕುಸಿದರೆ ಅದು ಬಿಸಿಲಾಘಾತ. ತಕ್ಷಣ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ನಿಲ್ಲಿಸಿದ ಕಾರಿನಲ್ಲಿ ಮಗು ಮಲಗಿದೆಯೆಂದು ಕಿಟಕಿ ಮುಚ್ಚಿ ಬಿಟ್ಟುಹೋಗುವುದು ಐದು ನಿಮಿಷಕ್ಕೂ ಕೂಡದು.

10. ಕೆರೆ-ಹೊಳೆ ಕಣ್ಣಿಗೆ ಮಾತ್ರ

ಈ ಸೂತ್ರದಲ್ಲಿ ರಿಯಾಯಿತಿ ಇಲ್ಲ. ಗಳಗನಾಥದಲ್ಲಿ ವರದಾ ತುಂಗಭದ್ರೆಯನ್ನು ಸೇರುತ್ತಾಳೆ, ದಂಡೆಯ ಮೇಲೆ ಗಳಗೇಶ್ವರನ ಗುಡಿ. ಅದೇ ತುಂಗಭದ್ರೆಯ ದಡದಲ್ಲಿ ಚೌಡಯ್ಯದಾನಪುರದ ಮುಕ್ತೇಶ್ವರ. ಎರಡೂ ಕಣ್ತುಂಬ ನೋಡಬೇಕಾದ ಜಾಗಗಳು. ಬೇಸಿಗೆಯಲ್ಲಿ ಹೊಳೆ ಇಳಿದು, ನೀರು ಮೊಣಕಾಲಷ್ಟೇ ಎಂದು ಕಾಣುತ್ತದೆ. ಮೋಸ ಅಲ್ಲೇ ಇರುವುದು. ಮರಳು ತೆಗೆದ ಗುಂಡಿ ಎರಡು ಹೆಜ್ಜೆ ಮುಂದೆ ಕಾಯುತ್ತಿರುತ್ತದೆ. ಹೂಳೆತ್ತಿದ ಕೆರೆ, ಕೃಷಿಹೊಂಡಗಳ ದಂಡೆ ಜಾರುತ್ತದೆ, ಹತ್ತಲು ಹಿಡಿತ ಸಿಗುವುದಿಲ್ಲ. ಈಜು ಬರುವ ದೊಡ್ಡವರೇ ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಹೋದ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

ನೀರಿನ ಬಳಿ ಒಬ್ಬ ದೊಡ್ಡವರು ಮಕ್ಕಳನ್ನು ಕಾಯುವ ಕೆಲಸವನ್ನೇ ಮಾಡಬೇಕು. ಅವರ ಕೈಯಲ್ಲಿ ಫೋನು ಇರಕೂಡದು. ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಧುಮುಕದೆ ಸೀರೆ, ಹಗ್ಗ, ಗಳ, ಖಾಲಿ ಕೊಡ ಏನು ಸಿಕ್ಕರೆ ಅದನ್ನು ಎಸೆದು ಎಳೆಯಿರಿ. ಇದನ್ನು ಮಕ್ಕಳಿಗೂ ಕಲಿಸಿ.

11. ಮುಗಿಲು ನೋಡುತ್ತಿರಿ

ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ನಮ್ಮ ಕಡೆ ಬೆಳಗಿನಲ್ಲಿ ಸುಳಿವು ಕೊಡುವುದಿಲ್ಲ. ಮಧ್ಯಾಹ್ನ ಉಸಿರುಗಟ್ಟುವ ಸೆಕೆ, ಮೂರು ನಾಲ್ಕರ ಹೊತ್ತಿಗೆ ಕರಿಮುಗಿಲು, ಬಿರುಗಾಳಿ, ಸಿಡಿಲು. ಮಿಂಚು ಕಂಡೊಡನೆ ಮಕ್ಕಳ ಜೊತೆ ಎಣಿಸಿ. ಮೂರು ಎಣಿಸಿದರೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ನಿಮಗೆ ಹತ್ತಿರವಿದೆ. ಕೂಡಲೇ ಗಟ್ಟಿ ಕಟ್ಟಡ ಅಥವಾ ಮುಚ್ಚಿದ ವಾಹನ ಸೇರಿ. ಒಂಟಿ ಮರ, ಬಯಲು, ಕೆರೆ ದಂಡೆ, ತಂತಿ ಬೇಲಿ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬೇಡಿ. ಎಣಿಸುವ ಕೆಲಸ ಸಿಕ್ಕರೆ ಗುಡುಗಿಗೆ ಹೆದರುವ ಮಗುವಿನ ಹೆದರಿಕೆಯೂ ಅರ್ಧವಾಗುತ್ತದೆ.

12. ಒಂದು ಸಲವಾದರೂ ಬಸ್ಸಿನಲ್ಲಿ ಹೋಗಿ

ಸ್ವಂತ ಗಾಡಿ ಇಲ್ಲವೆಂದು ಪ್ರವಾಸ ತಪ್ಪಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಅಜ್ಜಿ, ಅವ್ವ, ಮಗಳು ಮೂವರೂ ಗುರುತಿನ ಚೀಟಿ ಹಿಡಿದು ಹೊರಟರೆ ಖರ್ಚು ಬುತ್ತಿಯದ್ದಷ್ಟೇ. ಹೋದ ಊರಿನಲ್ಲಿ ಇಳಿದ ತಕ್ಷಣ ಕಂಟ್ರೋಲರ್ ಹತ್ತಿರ ತಿರುಗಿ ಬರುವ ಕೊನೆಯ ಬಸ್ಸಿನ ಹೊತ್ತು ಕೇಳಿ, ಅದಕ್ಕಿಂತ ಹಿಂದಿನ ಬಸ್ಸಿಗೇ ಬನ್ನಿ.

ಬಸ್ಸಿನ ದಿನಕ್ಕೆ ಹುಬ್ಬಳ್ಳಿ ಹೇಳಿ ಮಾಡಿಸಿದ ಊರು. ರೈಲು ಎಂದರೆ ಹಿಗ್ಗುವ ಮಕ್ಕಳಿಗೆ ಅಲ್ಲಿ ರೈಲ್ವೆ ವಸ್ತುಸಂಗ್ರಹಾಲಯವಿದೆ. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ, 1507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವೆನಿಸಿದ ಪ್ಲಾಟ್‌ಫಾರ್ಮ್ ಇದೆ. ಪ್ಲಾಟ್‌ಫಾರ್ಮ್ ಟಿಕೆಟು ತೆಗೆದುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಎಣಿಸುತ್ತ ನಡೆಯಿರಿ. ಒಂದೂವರೆ ಕಿಲೋಮೀಟರ್ ಎಂದರೆ ಎಷ್ಟು ಎಂಬುದು ಕಾಲಿಗೇ ಗೊತ್ತಾಗುತ್ತದೆ.

13. ಬೀಗರ ಮನೆಗೆ ಹೋದಂತೆ ನಡೆದುಕೊಳ್ಳಿ

ತಡಸದಿಂದ ಪಡುವಣಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ಮುಂಡಗೋಡ. ಅಲ್ಲಿನ ಟಿಬೆಟನ್ ನೆಲೆ 1966ರಲ್ಲಿ ಆರಂಭವಾಯಿತು. ಊರು, ಹೊಲ, ಮಠ ಬಿಟ್ಟು ಹಿಮಾಲಯ ದಾಟಿ ಬಂದವರಿಗೆ ನಮ್ಮ ರಾಜ್ಯ ಜಾಗ ಕೊಟ್ಟಿತು. ಅವರು ಕಾಡು ಬಯಲನ್ನು ಹಸನು ಮಾಡಿ ಗೋವಿನಜೋಳ ಬೆಳೆದರು, ಗಾದೆನ್ ಮತ್ತು ಡ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದರು. ಬಣ್ಣದ ಕಂಬಗಳು, ಗೋಡೆಯ ಚಿತ್ರಗಳು, ಹೊನ್ನಬಣ್ಣದ ದೊಡ್ಡ ಬುದ್ಧ, ಕಂದುಗೆಂಪು ನಿಲುವಂಗಿಯ ಬಾಲ ಭಿಕ್ಷುಗಳು ಮಕ್ಕಳಿಗೆ ಬೇರೆಯೇ ಲೋಕ.

ಅದು ತಮಾಷೆಯ ತಾಣವಲ್ಲ, ಪೂಜೆ ಮತ್ತು ಪಾಠ ನಡೆಯುವ ಜಾಗ. ಚಪ್ಪಲಿ ಹೊರಗೆ, ಮಾತು ಮೆಲ್ಲಗೆ, ಫೋಟೋ ಕೇಳಿ ತೆಗೆಯಿರಿ, ಪ್ರಾರ್ಥನಾ ಚಕ್ರವನ್ನು ಅವರು ತಿರುಗಿಸುವ ದಿಕ್ಕಿನಲ್ಲೇ ತಿರುಗಿಸಿ. ಅಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಂದಿ ಕನ್ನಡ ಮಾತಾಡುತ್ತಾರೆ. ಮಗುವೇ "ನಮಸ್ಕಾರ" ಎನ್ನಲಿ. ಮೊಮೊ, ಥುಕ್ಪಾ ತಿನ್ನುತ್ತ ಒಂದು ಮಾತು ಹೇಳಿ: ಊರು ಕಳೆದುಕೊಂಡವರು ನಮ್ಮ ನೆರೆಯವರಾದರು, ನಮ್ಮ ಊರು ಅವರಿಗೂ ಊರಾಯಿತು.

14. ಶಿಶುನಾಳದಲ್ಲಿ ಸಂಜೆ, ಮನೆಯಲ್ಲಿ ಕಥೆ

ಸೂಟಿಯ ಕೊನೆಯ ಪ್ರವಾಸವನ್ನು ಶಿಶುನಾಳಕ್ಕೆ ಇಟ್ಟುಕೊಳ್ಳಿ, ಅದೂ ಇಳಿಹೊತ್ತಿಗೆ. ಆ ಊರಿನ ಸಂತಕವಿ ಶರೀಫ ಸಾಹೇಬರು 1819ರ ಮಾರ್ಚ್ 7ರಂದು ಹುಟ್ಟಿ, 1889ರಲ್ಲಿ ಅದೇ ಮಾರ್ಚ್ 7ರಂದು ತೀರಿಕೊಂಡರು. ಕೆಲವು ಕಾಲ ಶಾಲೆಯ ಮಾಸ್ತರರಾಗಿದ್ದರು. ಕಳಸದ ಗೋವಿಂದ ಭಟ್ಟರು ಮುಸಲ್ಮಾನ ಹುಡುಗನನ್ನು ಶಿಷ್ಯನೆಂದು ಅಪ್ಪಿಕೊಂಡರು, ಶಿಷ್ಯ ಗುರುವಿನ ಹೆಸರನ್ನು ಹಲವು ಹಾಡುಗಳಲ್ಲಿ ಹೊತ್ತು ನಡೆದ. ಶರೀಫರ ಗದ್ದುಗೆಗೆ ಇಂದಿಗೂ ಹಿಂದೂ ಮುಸಲ್ಮಾನ ಎರಡೂ ಕಡೆಯವರು ಬಂದು ತಲೆಬಾಗುತ್ತಾರೆ. ಮನೆ, ಕೋಳಿ, ಕೊಡ, ಬಿದಿರು ಹೀಗೆ ಮನೆಯ ಸುತ್ತ ಕಾಣುವ ವಸ್ತುಗಳನ್ನೇ ಹಿಡಿದು ಹಾಡು ಕಟ್ಟಿದವರು ಅವರು. ಹಾಗಾಗಿ ಮಕ್ಕಳಿಗೊಂದು ಕೊನೆಯ ಕೆಲಸ: ಇವತ್ತು ಕಂಡ ಒಂದು ವಸ್ತು ಆರಿಸಿ, ಅದರ ಮೇಲೆ ಎರಡು ಸಾಲು ನೀವೇ ಕಟ್ಟಿ. ಪ್ರಾಸ ಕೂಡದಿದ್ದರೂ ಚಿಂತೆಯಿಲ್ಲ.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಟಿ.ವಿ. ಹಚ್ಚಬೇಡಿ. ಅಂಗಳದಲ್ಲೋ ಮಾಳಿಗೆಯ ಮೇಲೋ ಚಾಪೆ ಹಾಸಿ ಸುಮ್ಮನೆ ಕೂರಿ. "ಏನು ಕಲಿತಿ?" ಎಂದು ಪರೀಕ್ಷೆ ಮಾಡಬೇಡಿ. ತುಸು ಕಾಯಿರಿ. ನವಿಲು ಹೇಗೆ ಕೂಗಿತು, ಮರ ಸುತ್ತಲು ಎಷ್ಟು ಜನ ಬೇಕಾಯಿತು, ಕಂಬದ ಲೆಕ್ಕದಲ್ಲಿ ಅಣ್ಣ ಎಲ್ಲಿ ತಪ್ಪಿದ ಎಂದು ಮಗುವೇ ಶುರುಮಾಡುತ್ತದೆ. ಪ್ರವಾಸಕ್ಕೆ ಬರಲಾಗದೆ ಮನೆಯಲ್ಲೇ ಉಳಿದವರಿದ್ದರೆ ಆ ಕಥೆ ಅವರಿಗೇ ಹೇಳಲಿ. ಆಗ ಅವರೂ ಹೋಗಿ ಬಂದಂತಾಗುತ್ತದೆ. ಕಥೆಯ ನಡುವೆಯೇ ಮಗುವಿಗೆ ನಿದ್ದೆ ಹತ್ತಿದರೆ ಚಾದರ ಹೊದಿಸಿ, ಮುಂದಿನ ಭಾನುವಾರದ ರೊಟ್ಟಿಗೆ ಜೋಳ ಹಸನು ಮಾಡಲು ಶುರುಮಾಡಿ.